ಫರಸಿ

ಕ್ಯಾನು ಉರುಳಿದ ಸದ್ದು ಸಣ್ಣದು.
ಐದು ಲೀಟರು ಕುಸುಬಿ ಎಣ್ಣೆ, ಸೇಡಂ ಗಾಣದ್ದು,
ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದದ್ದು,
ಭವಾನಿ ಪೇಠಿನ ಈ ಒಂದೂವರೆ ಖೋಲಿಯಲ್ಲಿ
ದಾರಿ ಗೊತ್ತಿದ್ದವರ ಹಾಗೆ ಹೊರಟಿತು.

ಮನೆ ಎತ್ತ ವಾಲಿದೆ ಎಂದು
ಏಳು ವರ್ಷ ಕಸ ಹೊಡೆದರೂ ತಿಳಿದಿರಲಿಲ್ಲ.
ಈಗ ತಿಳಿಯಿತು: ಮಾಲಕರ ಗೋಡೆಯತ್ತ.

ಬಸಿಯಿಂದ ಬಳಿದು ಒಂದು ಲೋಟ ಉಳಿಸಿದೆ, ದೀಪಕ್ಕೆ.
ಆಮೇಲೆ ಜೋಳದ ಹಿಟ್ಟು ಎರಚಿದೆ.
ಕೈ ಬರಲಿಲ್ಲ, ಅರ್ಧಕ್ಕೇ ನಿಲ್ಲಿಸಿದೆ.
ಕೆಳಗಿನ ಬಡಗಿ ಇದ್ರೀಸ್ ಚಾಚಾ ಒಂದು ಬುಟ್ಟಿ ಮರದ ಹೊಟ್ಟು ಕೊಟ್ಟು
"ಉಜ್ಜಬೇಡ, ಕುಡಿಯೋವಷ್ಟು ಕುಡಿಯಲಿ" ಎಂದರು.
ಪ್ರಮಿಳಾಬಾಯಿ ಹೊಸ್ತಿಲಾಚೆಯೇ ನಿಂತು
ಶನಿವಾರ ಎಣ್ಣೆ ಚೆಲ್ಲಿದರೆ ಏನೇನಾಗುತ್ತದೆ ಎಂದೆಲ್ಲ ಹೇಳಿ
ಸೀಗೆಪುಡಿ ತರಲು ಹೋದಳು.
ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ ಎಂದು
ನಮ್ಮ ಮನೆಯವರು ಹೆಸರಿಟ್ಟದ್ದು
ಅವಳಿಗೆ ಇನ್ನೂ ಗೊತ್ತಿಲ್ಲ.

ಹೊಟ್ಟು, ಸೀಗೆ, ಬಿಸಿನೀರು, ಮತ್ತೆ ಹೊಟ್ಟು,
ಮೊಣಕಾಲೂರಿ ಸಂಜೆತನಕ.
ಎಲ್ಲ ಹೋಯಿತು.
ಒಲೆಯ ಬಳಿಯ ಒಂದು ಕಲ್ಲು ಮಾತ್ರ ಬಿಡಲಿಲ್ಲ,
ನೆತ್ತಿಗೆ ಎಣ್ಣೆ ಹಾಕಿಸಿಕೊಂಡವರ ಹಾಗೆ
ಕರ್ರಗೆ, ತಣ್ಣಗೆ, ಕಣ್ಣು ಮುಚ್ಚಿ ಕೂತಿತ್ತು.

ಶಹಾಬಾದಿ ಫರಸಿ.
ಶಹಾಬಾದಿಗೂ ಸೇಡಮ್ಮಿಗೂ ಎಷ್ಟು ದೂರ?
ನಡುವೆ ವಾಡಿ, ಚಿತ್ತಾಪುರ, ಒಂದಿಷ್ಟು ತೊಗರಿ ಹೊಲ.
ನನಗಿಂತ ಎಷ್ಟೋ ಮೊದಲು ಲಾರಿ ಹತ್ತಿ ಬಂದ ಕಲ್ಲು;
ಬಾಯಾರಿತ್ತೋ ಏನೋ.

"ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುತ್ತಾರೇನು?"
ಇವರು ಬಂದವರೇ ಕೇಳಿದರು.
ಅದರ ಮೇಲೆ ಹಿಟ್ಟಿನ ಡಬ್ಬ ಸರಿಸಿದೆ.
ಮೂರು ದಿನ ಹಸಿ ಕಾಲಲ್ಲಿ ಒಳಗೆ ಬರಬೇಡಿ ಅಂದೆ.