ಏಳನೆಯ ಮೆಟ್ಟಿಲು

ದಿನಕ್ಕೆ ನಲವತ್ತು ಸಲ ಹೇಳುತ್ತೇನೆ,
ಯಾದಗಿರಿಯ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ:
"ಉಸಿರು ಹಿಡೀರಿ. ಅಲುಗಾಡಬ್ಯಾಡ್ರಿ."
ಮುರ್ಡೇಶ್ವರದ ದೋಣಿಯಲ್ಲಿ
ನನಗೇ ಒಬ್ಬ ಹುಡುಗ ಹೇಳಿದ್ದ:
ನೀರೊಳಗೆ ಏನೇ ಆಗಲಿ, ಉಸಿರು ಹಿಡಿಯಬೇಡಿ.

ಮೂರು ದಿನದ ರಜೆ. ಎರಡು ದಿನ ಮೀನು ನೋಡಿದೆ.
ಮೂರನೆಯ ದಿನ ಮರಳಲ್ಲಿ ಅರ್ಧ ಹೂತ ಲಂಗರು,
ತುಕ್ಕೋ ಹವಳವೋ ತಿಳಿಯದ ಹೊದಿಕೆ.
ಕೈ ಚಾಚಿದೆ. ಹುಡುಗ ಮಣಿಕಟ್ಟು ಹಿಡಿದ.
ಮೇಲೆ ಬಂದು ಕೇಳಿದೆ: ಯಾವ ಕಾಲದ್ದು? ಯಾರದು?
ಅವನಿಗೂ ಗೊತ್ತಿಲ್ಲ. ಬಿಸ್ಕತ್ತು ಕೊಟ್ಟ.

ಅಂದಿನಿಂದ ಹುಡುಕುತ್ತಿದ್ದೆ,
ಹೀಗೆ ಕೇಳುವುದನ್ನು ಕಲಿಸುವವರನ್ನು.
ಕಲಬುರಗಿಯ ಕಚೇರಿಯ ಗುಮಾಸ್ತ ಪಾನ್ ಕೆನ್ನೆಗೆ ಸರಿಸಿ:
"ನೆಲದ ಮ್ಯಾಲಿಂದು ನಮ್ದುರೀ. ನೀರಿಂದು ನೀರಾವರಿ."
ನೀರಾವರಿಯವರು ನಕ್ಕರು: "ನಮ್ದು ಬರೇ ನೀರು ಮೇಡಂ,
ಅದರ ಬುಡಕ್ಕ ಇರೋದಲ್ಲ."
ಒಂದು ಕಡೆ ಪದವಿ ಕೇಳಿದರು, ಇನ್ನೊಂದು ಕಡೆ ವಯಸ್ಸು.
"ಹವ್ಯಾಸಿಗಳಿಗೆ ಇಲ್ಲ." ಒಂದೇ ಸಾಲು,
ಅದಕ್ಕೂ ರಿಜಿಸ್ಟರ್ಡ್ ಪೋಸ್ಟು.

ಕಾರವಾರದಿಂದ, ನಿವೃತ್ತ ಮಾಂಜ್ರೇಕರರ ಕಾರ್ಡು:
"ಕಣ್ಣು ಕಟ್ಟಿಕೊಂಡು ನಿಮ್ಮ ಅಡುಗೆಮನೆ ಅಳೆಯಿರಿ.
ನಕ್ಷೆ ಕಳಿಸಿ. ತಪ್ಪು ನಾಲ್ಕು ಬೆರಳೊಳಗಿದ್ದರೆ ಬರುತ್ತೇನೆ."
ಒಲೆಕಟ್ಟೆ, ಗೂಡು, ಜೋಳದ ಡಬ್ಬಿ,
ಮೊಳೆಗೆ ತೂಗಿದ ಬೆಳ್ಳುಳ್ಳಿ ಗೊಂಚಲು,
ಮೊಳ ಹಾಕುತ್ತ ಗೋಡೆ ಹಿಡಿದು ಹೋದೆ.
ನೆಗೆಣ್ಣಿ ಮಹಾನಂದಾ ಬಾಗಿಲಲ್ಲಿ ನಿಂತು:
"ಏನ್ ಕಳ್ಕೊಂಡೀಯವ್ವಾ?"
ಐದು ಸಲ ತಪ್ಪಿತು. ಆರನೆಯದು ಅಂಚೆಗೆ ಹಾಕಿದೆ.

ಬಂದರು. ತೆಳ್ಳನೆಯ ಮನುಷ್ಯ, ಕಿವಿ ಮಂದ.
ಹೈದರಾಬಾದಿನ ಗಾಳಿ ತುಂಬಿದ ಎರಡು ಸಿಲಿಂಡರು
ಹತ್ತಿ ಲಾರಿಯಿಂದ ಇಳಿದವು,
ಭೀಮಾ ದಂಡೆಯ ಒಂದೂರಿನ ಹಾಳು ಬಾವಿಗೆ.
ಪಂಚಾಯಿತಿಯ ಒಪ್ಪಿಗೆ ಕಾಗದ, ಊರಿನ ಅರ್ಧ ಜನ,
ಯಾರದೋ ಕೊಡ ಬಿದ್ದಿದೆಯೆಂದು
ಪಾತಾಳಗರಡಿ ಹೊತ್ತು ತಂದ ಹುಸೇನಬಿ.
"ಏನನ್ನಾದರೂ ಎತ್ತಿದಿರೋ," ಅಂದರು ಮಾಂಜ್ರೇಕರ,
"ನಾನು ಸಂಜೆಯ ಬಸ್ಸಿಗೆ."

ಮೊದಲು ಹಸಿರು, ಆಮೇಲೆ ಕಂದು,
ಆಮೇಲೆ ನನ್ನ ಕೈ ನನಗೇ ಇಲ್ಲ.
ಶಹಾಬಾದ ಕಲ್ಲಿನ ಮೆಟ್ಟಿಲು, ಬೆರಳಿಗಷ್ಟೇ ಕಂಡಿದ್ದು.
ಗಂಟು ಹಾಕಿದ ದಾರ ಹಿಡಿದು ಒಂದೊಂದೇ ಇಳಿದೆ:
ಅಗಲ, ಎತ್ತರ, ಸವೆದ ನಡು.
ಏಳನೆಯದರ ಬಲತುದಿಗೆ ಒಂದು ಗುಳಿ.
ಅಂಗೈ ಇಟ್ಟೆ, ತುಂಬಲಿಲ್ಲ. ಎರಡೂ ಇಟ್ಟೆ.
ಕೊಡದ ತಳ.
ಕಲ್ಲು ಇಷ್ಟು ನುಣ್ಣಗಾಗಲು
ಎಷ್ಟು ಜನ ಇಲ್ಲಿ ಇಳಿಸಿ, ಸೆರಗು ಸರಿಪಡಿಸಿ,
ಮತ್ತೆ ಸೊಂಟಕ್ಕೇರಿಸಿರಬೇಕು?
ಬೆನ್ನಿಗೆ ಮಾಂಜ್ರೇಕರರ ಬೆರಳು ಎರಡು ಸಲ ತಟ್ಟಿತು.
ಉಸಿರು ಹಿಡಿದುಬಿಟ್ಟಿದ್ದೆ.
ಗುಳ್ಳೆ ಬಿಟ್ಟೆ.

ಮೇಲೆ ಹುಡುಗರು: "ಬಂಗಾರ ಸಿಕ್ತೇನ್ರೀ?"
ಸ್ಲೇಟು ತೋರಿಸಿದೆ: ಕೆಸರು, ನಾಲ್ಕು ಸೊಟ್ಟ ಗೆರೆ, ಅಂಕಿ.
ಹುಸೇನಬಿ ಗರಡಿ ಹೆಗಲಿಗೇರಿಸಿ ಮನೆಗೆ ನಡೆದಳು.
ಗುಳಿಯ ಅಡ್ಡಳತೆ ೬ ಬೆರಳೋ ೯ ಬೆರಳೋ,
ನಾನೇ ಬರೆದದ್ದು, ನನಗೇ ತಿಳಿಯಲಿಲ್ಲ.
ಮಾಂಜ್ರೇಕರ ಕನ್ನಡಕ ಒರೆಸಿ ನೋಡಿದರು,
ತಿರುಗಿಸಿ ನೋಡಿದರು,
ಅದೊಂದು ಅಂಕಿಯನ್ನು ಹೆಬ್ಬೆರಳಿಂದ ಅಳಿಸಿ
ಸ್ಲೇಟು ನನ್ನ ಕೈಗೇ ಕೊಟ್ಟರು.
ಸಿಲಿಂಡರುಗಳಲ್ಲಿ ಇನ್ನೂ ಅರ್ಧ ಗಾಳಿಯಿತ್ತು.