ಒಂದೂವರೆ ಗಂಟೆ

ಸೊಹಾರಿನ ಹೆರಿಗೆ ವಾರ್ಡಿನ ಗೋಡೆ ಗಡಿಯಾರಕ್ಕೆ
ಸೆಲ್ ಹಾಕುವವಳು ನಾನೇ, ಅಪೋಲಿನ್.
ಹೋದ ವರ್ಷ ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು,
ಎಷ್ಟು ದಿನದಿಂದಲೋ. ಯಾರಿಗೂ ಹೇಳಿಲ್ಲ.

ಇಲ್ಲಿ ಒಂದೇ ರಾತ್ರಿಗೆ ಎರಡೆರಡು ವಾರ.
ಆಸ್ಪತ್ರೆಯ ಕಂಪ್ಯೂಟರಿಗೆ ಹನ್ನೆರಡು ಹೊಡೆದರೆ ಬುಧವಾರ.
ಬಲೂಶಿ ಅಜ್ಜಿಯರಿಗೆ ನಿನ್ನೆ ಹೊತ್ತು ಮುಳುಗಿದಾಗಲೇ
ಬುಧವಾರ ಹುಟ್ಟಿ ಆಯಿತು.
ನಮ್ಮ ಕಡೆಯವರಿಗೆ ಮಾತ್ರ
ಸೂರ್ಯ ಮೂಡುವ ತನಕ ಮಂಗಳವಾರ,
ಎಳೆದರೂ ಬಿಡದ ಮಂಗಳವಾರ.

ಭಾಗೀರಥಿಗೆ ನೋವು ಎದ್ದದ್ದು ಒಂದಕ್ಕೆ.
ಗಂಡ ವಿಠೋಬ, ಬಂದರಿನಲ್ಲಿ ಕ್ರೇನ್ ನಡೆಸುವವನು.
ನಲವತ್ತು ಟನ್ನಿನ ಪೆಟ್ಟಿಗೆಯನ್ನು
ಮೊಟ್ಟೆ ಇಟ್ಟ ಹಾಗೆ ಇಳಿಸುವ ಕೈಗೆ
ಫೋನು ನಿಲ್ಲುತ್ತಿರಲಿಲ್ಲ.
ಮುಧೋಳದಿಂದ ಅವನವ್ವ: "ಮೂಲಾ ಐತಿ, ನಾಲ್ಕೂ ಹನ್ನೆರಡರ ತನಕ.
ಹೆಣ್ಣಾದ್ರ ಮಾವಗ ಆಗಿಬರೂದಿಲ್ಲ.
ತಡಕೋ ಅನ್ನು ಆಕಿಗೆ."
ಇನ್ನೂ ಹುಟ್ಟದವಳು,
ಎಲ್ಲೋ ಗೊರಕೆ ಹೊಡೆಯುತ್ತಿರುವ ಮಾವ.

ಮೂರೂ ಏಳಕ್ಕೆ ಬಂತು. ಹೆಣ್ಣು.
ವಿಠೋಬ ಗೋಡೆ ನೋಡಿದ. ಮುಖ ಸುಣ್ಣವಾಯಿತು.
"ಒಂದೂವರೆ ಕೂಡಿಸಪ್ಪಾ," ಅಂದೆ,
"ಪಂಚಾಂಗ ಬರೆದದ್ದು ಅಲ್ಲಿನ ಗಡಿಯಾರಕ್ಕೆ.
ಅಲ್ಲೀಗ ನಾಲ್ಕೂ ಮೂವತ್ತೇಳು.
ಮೂಲಾ ದಾಟಿ ಇಪ್ಪತ್ತೈದು ನಿಮಿಷ. ನಿನ್ನ ಮಗಳು ಪೂರ್ವಾಷಾಢ."
ಬೆರಳು ಮಡಚಿ ಎಣಿಸಿದ, ಬಿಚ್ಚಿ ಎಣಿಸಿದ,
ಆಮೇಲೆ ನನ್ನ ಕಾಲಿಗೆ ಬೀಳಲು ಬಂದ.
ಕೊರಳಲ್ಲಿ ಶಿಲುಬೆ ಇರುವವಳಿಗೆ ಇದೆಲ್ಲ ಹೇಗೆ ಗೊತ್ತೆಂದು
ಕೇಳುವ ವ್ಯವಧಾನ ಅವನಿಗಿರಲಿಲ್ಲ.
ಹತ್ತೊಂಬತ್ತು ವರ್ಷ ಇದೇ ಮೇಜಿನಲ್ಲಿ ವೇಳೆ ಬರೆದರೆ
ಇಪ್ಪತ್ತೇಳೂ ಬಾಯಿಗೆ ಬರುತ್ತವೆ,
ತೇಸರದ ಮಣಿಗಳ ಹಾಗೆ, ಒಂದರ ಹಿಂದೆ ಒಂದು.

ಹೇಳದೆ ಬಿಟ್ಟದ್ದೂ ಇದೆ.
ಪರದೆಯ ಆಚೆ, ಎರಡೂ ಮೂವತ್ತೊಂದಕ್ಕೆ,
ಶಮ್ಸಾಳಿಗೂ ಹೆಣ್ಣು.
ಅಪ್ಪಟ ಮೂಲಾ, ಹನ್ನೊಂದು ನಿಮಿಷ ಒಳಗೆ.
ಖಲ್ಫಾನ್ ಮಗುವಿನ ಕಿವಿಯಲ್ಲಿ ಬಾಂಗ್ ಹೇಳಿ
ಹಲ್ವಾ ಡಬ್ಬಿ ತೆರೆದು ಎಲ್ಲರಿಗೂ ಒಂದೊಂದು ಚಮಚ ಕೊಟ್ಟ.
ವಿಠೋಬನಿಗೆ ಎರಡು.
ತುಪ್ಪದ ಕೈಯಲ್ಲೇ ಇಬ್ಬರೂ ಕೈ ಕುಲುಕಿದರು.

ನಾನು ಹುಟ್ಟಿದ ವೇಳೆ ಯಾರೂ ಬರೆದಿಟ್ಟಿಲ್ಲ.
ಇಗರ್ಜಿ ಗಂಟೆಯ ಹಗ್ಗ ಹರಿದ ದಿನ ಅನ್ನುತ್ತಿದ್ದಳು ಅಮ್ಮ.
ಬೆಳಿಗ್ಗೆಯೋ ಸಂಜೆಯೋ?
ಗಂಟೆಯೇ ಬಡಿಯಲಿಲ್ಲವಲ್ಲ ಮಗಾ, ಹೇಗೆ ಗೊತ್ತಾಗಬೇಕು.

ಆರಕ್ಕೆ ಹಿಂಬಾಗಿಲಲ್ಲಿ ನಿಂತೆ.
ಮೀನುಪೇಟೆಯ ಮೇಲೆ, ಸಮುದ್ರದ ಕಡೆ,
ಮಾಘ ಬಹುಳ ಏಕಾದಶಿಯ ಚಂದ್ರ,
ಸವೆದ ಕುಡುಗೋಲು.
ಆ ಎರಡು ಅಳುವಿನ ನಡುವೆ ಅದು
ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟಿತ್ತಂತೆ.
ತುಂಬ ಹೊತ್ತು ನೋಡಿದೆ.
ಹೊಸ್ತಿಲು ಎಲ್ಲೂ ಕಾಣಲಿಲ್ಲ.

ಒಳಗೆ ಇನ್ನೊಬ್ಬಳಿಗೆ ನೋವು ಶುರು.
ಗೋಡೆಯಲ್ಲಿ ಆರೂ ಆರು,
ನನ್ನ ಕೈಯಲ್ಲಿ ಆರೂ ಹತ್ತು.
ಸೆಲ್ ತರಬೇಕು.