ಪರವಾಗಿ

ರೂವಿಯ ಓಣಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಪಕ್ಕ
ಒಂದು ಮೇಜು, ಒಂದು ಪ್ರಿಂಟರು, ನಾನು.
ಅರಬ್ಬಿಯಲ್ಲಿ ಅರ್ಜಿ ಟೈಪು ಮಾಡುತ್ತೇನೆ, ಪುಟಕ್ಕೆ ಅರ್ಧ ರಿಯಾಲು.
ಬರುವವರು ರಜೆ ಸಿಗದವರು, ಸಂಬಳ ತಡೆದವರು,
ಪಾಸ್‌ಪೋರ್ಟು ಇನ್ನೊಬ್ಬರ ಕಪಾಟಿನಲ್ಲಿರುವವರು.
ಎಲ್ಲಕ್ಕೂ ಮೊದಲ ಸಾಲು ಒಂದೇ:
'ಮಾನ್ಯರೇ, ನಾನು ತಮ್ಮ ಕೃಪೆಯನ್ನು ಬೇಡುತ್ತೇನೆ.'
ಆ ನಾನು ನಾನಲ್ಲ. ಕೆಳಗೆ ಹೆಬ್ಬೆಟ್ಟು ಅವರದು.
ಇಪ್ಪತ್ತೆರಡು ವರ್ಷದಿಂದ ಹೀಗೆ
ಊರಿನವರೆಲ್ಲರ ನಾನು ಆಗಿ ಬೇಡಿದ್ದೇನೆ.

ಗುರುವಾರ ಸಂಜೆ ಫಾದರ್ ಚೌರಪ್ಪ ಬರುತ್ತಾರೆ,
ಹಾರೋಬೆಲೆ ಕಡೆಯವರು, ಮಾತಿನಲ್ಲಿ ಇನ್ನೂ ರಾಗಿಯ ಒರಟು.
ಬಿಸ್ಕತ್ತಿನ ಡಬ್ಬಿಯ ತುಂಬ ಚೀಟಿ:
ಕ್ಯಾಂಪುಗಳಿಂದ, ಆಸ್ಪತ್ರೆಯಿಂದ,
ಅಡುಗೆಮನೆಗಳ ಹಿಂಬಾಗಿಲಿನಿಂದ ಬಂದ ಹೆಸರುಗಳು,
ಶುಕ್ರವಾರದ ಪೂಜೆಗೆ.
ಬೆವರಿಗೆ ಕಲಸಿದ್ದನ್ನು ನನ್ನ ದೀಪದ ಕೆಳಗೆ ಹಿಡಿದು
ಇದೇನಪ್ಪ ನೋಡು, ಅನ್ನುತ್ತಾರೆ.

ನಾವು ಬಾಸೆಲ್ ಮಿಷನ್ನಿನವರು. ಅಜ್ಜ ಉಪದೇಶಿ.
ಮಧ್ಯಸ್ಥನೊಬ್ಬನಿದ್ದಾನಲ್ಲ, ನಡುವೆ ಇನ್ನೊಬ್ಬ ದಲ್ಲಾಳಿ ಯಾಕೆ
ಅಂತ ಒಮ್ಮೆ ಕೇಳಿಯೇಬಿಟ್ಟೆ.
ಫಾದರ್ ಕರಕ್ ಚಹಾ ಊದಿದರು.
'ಲೂರ್ದಮ್ಮನ ಅರ್ಜಿ ಬರೆದೆಯಲ್ಲ, ನೀನು ದಲ್ಲಾಳಿಯೋ?'
'ಅವಳಿಗೆ ಅರಬ್ಬಿ ಬಾರದು, ಬರೆದೆ.
ದೇವರಿಗೆ ಕನ್ನಡ ಬರುತ್ತದಲ್ಲ, ಫಾದರ್?'
ಉತ್ತರವಿಲ್ಲ. ಚಹಾ ಮುಗಿಯಿತು.
ಗೆದ್ದೆ ಅಂದುಕೊಂಡೆ.

ಎದ್ದವರು ಬಾಗಿಲಲ್ಲಿ ನಿಂತರು.
'ಆರೋನನ ಎದೆಪದಕದಲ್ಲಿ ಹನ್ನೆರಡು ಕಲ್ಲು, ಹನ್ನೆರಡು ಹೆಸರು.
ದೇವರಿಗೆ ಗೊತ್ತಿರದ ಹೆಸರು ಒಂದೂ ಇರಲಿಲ್ಲ ಅದರಲ್ಲಿ.
ಆದರೂ ಹೊತ್ತುಕೊಂಡೇ ಒಳಗೆ ಬಾ ಅಂದ.'
ಯಾಕೆ ಅಂತ ಹೇಳಲಿಲ್ಲ. ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಲೂರ್ದಮ್ಮನ ಅರ್ಜಿ ಮೂರು ಸಲ ಹಿಂದೆ ಬಂತು:
ಒಮ್ಮೆ ಮೊಹರು ಸಾಲದೆಂದು, ಒಮ್ಮೆ ತಾರೀಖು ತಪ್ಪೆಂದು,
ಮೂರನೆಯ ಸಲ ಕಾರಣವೇ ಇಲ್ಲದೆ.
ಊರಲ್ಲಿ ಮಗಳಿಗೆ ವಾರಕ್ಕೆರಡು ಡಯಾಲಿಸಿಸ್.
ಇಲ್ಲಿ ಹದಿನಾಲ್ಕು ಜನಕ್ಕೆ ಅಡುಗೆ.

ಮುಂದಿನ ಗುರುವಾರ ಡಬ್ಬಿಯಲ್ಲೊಂದು ಚೀಟಿ.
ಅಕ್ಷರವಿಲ್ಲ. ಅರಿಸಿನದ ಹೆಬ್ಬೆಟ್ಟು.
(ಇಂಕಿನ ಪ್ಯಾಡು ಯಾವ ಅಡುಗೆಮನೆಯಲ್ಲಿರುತ್ತದೆ?)
ಫಾದರ್ ನನ್ನ ಕಡೆ ಚಾಚಿದರು.
ಗೆರೆಗಳ ನಡುವೆ ಅಡ್ಡಲಾಗಿ ಈಳಿಗೆಮಣೆಯ ಹಳೆ ಗಾಯ.
ಈ ಬೆರಳನ್ನು ಮೂರು ಸಲ ಹಿಡಿದು ಒತ್ತಿಸಿದ್ದೆ.
ಇದನ್ನು ಓದಬಲ್ಲವನು ಇಡೀ ಮಸ್ಕತ್ತಿನಲ್ಲಿ
ನಾನೊಬ್ಬನೇ.

ಹೋದೆ ಶುಕ್ರವಾರ, ಮೊದಲ ಸಲ ಅವರ ಪೂಜೆಗೆ.
ಹಿಂದಿನ ಕಂಬದ ಬಳಿ, ಎಸಿಯ ನೀರು ತೊಟ್ಟಿಕ್ಕುವಲ್ಲಿ ನಿಂತೆ.
ಇನ್ನಾಸಪ್ಪ, ತೆರೆಜಾ, ದಾವೀದು,
ಸ್ಕ್ಯಾಫೋಲ್ಡಿನಿಂದ ಬಿದ್ದ ಒಬ್ಬ ಫಿಲಿಪಿನೊ ಹುಡುಗ…
ಕೊನೆಯ ಚೀಟಿ. ಫಾದರ್ ಬಾಯಿ ತೆರೆದರು, ಮುಚ್ಚಿದರು.
ಮೂರನೆಯ ಸಾಲಿನಲ್ಲಿ ಅವಳ ಯಜಮಾನನ ಡ್ರೈವರು ಕೂತಿದ್ದ.
ಹೆಬ್ಬೆಟ್ಟಿನ ಮೇಲೆ ತಮ್ಮ ಹೆಬ್ಬೆಟ್ಟನಿಟ್ಟು
ಒಂದು ಹೆಸರು ಹೇಳುವಷ್ಟು ಹೊತ್ತು, ಮತ್ತೂ ಸ್ವಲ್ಪ ಹೊತ್ತು,
ಸುಮ್ಮನೆ ನಿಂತರು. ಮೈಕಿನಲ್ಲಿ ಉಸಿರು.
ಯಾರೋ ಕೆಮ್ಮಿದರು.
ನನ್ನ ಬಾಯಿ ತುಂಬ ಅವಳ ಹೆಸರು,
ನುಂಗಲಾರದೆ, ಉಗುಳಲಾರದೆ.

ರಾತ್ರಿ ಶಟರು ಅರ್ಧ ಎಳೆದು
ನಾಲ್ಕನೆಯ ಅರ್ಜಿಗೆ ಕೂತೆ.
'ಮಾನ್ಯರೇ, ನಾನು' ಅಂತ ಹೊಡೆದು ನಿಲ್ಲಿಸಿದೆ.
ಸ್ಪೇಸ್ ಕೀಲಿಯ ಮೇಲೆ
ತುಸು ಹಳದಿ.